ಪತಂಗದ ಗೀಟು, ಟಿಟವಿಯ ಗೀಟು

ಮೊದಲು ಸಂತೋಷದ ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ನನಗೊಬ್ಬ ಮೊಮ್ಮಗಳಿದ್ದಾಳೆ. ಮಗಳ ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಹುಟ್ಟಿದ ಕೂಸು. ಈಗ ಎರಡು ತುಂಬುತ್ತ ಬಂತು. ನನ್ನ ಮೂಗುತಿ ಹಿಡಿದು ಜಗ್ಗುತ್ತಾಳೆ. ನಾನು ಅಳುವ ಹಾಗೆ ಮಾಡಿದರೆ ತಾನೂ ತುಟಿ ಸೊಟ್ಟ ಮಾಡಿ, ಆಮೇಲೆ ಫಕ್ಕನೆ ನಕ್ಕುಬಿಡುತ್ತಾಳೆ. ಊರಲ್ಲಿ ಯಾರು ಸಿಕ್ಕರೂ ಇದನ್ನೇ ಹೇಳುತ್ತೇನೆ, ಕೇಳಿದವರು ದಾರಿ ಬದಲಿಸುವಷ್ಟು ಹೇಳುತ್ತೇನೆ. ಹೇಳದೆ ಉಳಿಸಿಕೊಂಡದ್ದು ಇನ್ನೊಂದಿದೆ. ಆ ಕೂಸು ಹುಟ್ಟಿದ ಐದು ದಿನದಲ್ಲಿ ನಾನೊಂದು ಕೆಲಸ ಕೆಡಿಸಿದೆ. ದೊಡ್ಡ ಕೆಲಸವೇನಲ್ಲ, ಎಣಿಸುವುದು. ಪತಂಗ ಎಷ್ಟು, ಟಿಟವಿ ಎಷ್ಟು, ಅಷ್ಟೇ.

ನಮ್ಮ ಮನೆ ಅಕ್ಕಲಕೋಟೆ ಕಡೆಯ ಚಪಳಗಾಂವದ ಹೊರಗೆ, ಒಂದು ದೊಡ್ಡ ಗೋವಿನಜೋಳದ ಹೊಲಕ್ಕೆ ಹತ್ತಿಕೊಂಡೇ ಇದೆ. ಹೊಲ ಬೇರೆಯವರದು. ನಾವು ಬೀರೋಬನ ಒಕ್ಕಲು, ಕುರಿ ಕಾಯುವ ಮಂದಿ. ನನ್ನ ಯಜಮಾನರು ತೀರಿದ ಮೇಲೆ ಕುರಿ ಮೈದುನನ ಕಡೆ ಹೋದವು. ಅವನು ಹಿಂಡು ಹೊಡೆದುಕೊಂಡು ಊರೂರು ತಿರುಗುತ್ತಾನೆ, ಅವನ ಹೆಂಡತಿ ಮತ್ತು ನಾನು ಒಂದೇ ಅಂಗಳದಲ್ಲಿ ಬೈದಾಡಿಕೊಂಡು ಇದ್ದೇವೆ. ಆ ವರ್ಷ ಆರಿದ್ರಾ ಮಳೆಯಲ್ಲಿ, ಗೋವಿನಜೋಳ ಮೊಣಕಾಲ ಕೆಳಗಿದ್ದಾಗ, ಸೊಲ್ಲಾಪುರದಿಂದ ಒಬ್ಬ ಮ್ಯಾಡಮ್ ಬಂದರು. ಒಕ್ಕಲುತನದ ಕಾಲೇಜಿನಲ್ಲಿ ದೊಡ್ಡ ಓದು ಓದುತ್ತಿದ್ದರು. ವಯಸ್ಸು ನನ್ನ ಮಗಳಷ್ಟೇ.

"ಆಯಿ, ನಿಮಗ ಟಿಟವಿ ಗೊತ್ತೈತ್ರಿ?" ಅಂತ ಕೇಳಿದರು.

"ಟಿಟವಿ ಗೊತ್ತಿಲ್ಲದ ಕುರಿಯವರು ಇರ್ತಾರೇನ್ರಿ? ನಾವು ಮಲಗಿದಾಗ ಹಟ್ಟಿ ಕಾಯೂದು ಅದೇ ಅಲ್ಲೇನ್ರಿ."

ಪುಸ್ತಕದಲ್ಲಿ ಅದಕ್ಕೆ ಟಿಟ್ಟಿಭ ಅನ್ನುತ್ತಾರಂತೆ. ಉದ್ದನೆಯ ಹಳದಿ ಕಾಲು, ಕಣ್ಣ ಮುಂದೆ ಕೆಂಪು ತೊಗಲು. ನೀರಿನ ದಂಡೆಗೆ ಕಾಲೆತ್ತಿ ಕಾಲೆತ್ತಿ ನಡೆಯುವ ಹಕ್ಕಿ, ಆದರೆ ಮೊಟ್ಟೆ ಇಡುವುದು ಬಯಲ ಕಲ್ಲಿನಲ್ಲಿ. ಮನುಷ್ಯರ ನೆರಳು ಕಂಡರೆ ಸಾಕು, ತಲೆಯ ಮೇಲೆ ಸುತ್ತಿ ಚೀರುತ್ತದೆ. ಆ ಹೊಲದ ಪಡುವಣ ಬದುವಿಗೆ ಕಲ್ಲುಭೂಮಿ ಇದೆ, ಅದರಾಚೆ ಸಣ್ಣ ಕೆರೆ. ಕಲ್ಲುಭೂಮಿಯಲ್ಲಿ ಒಂದು ಜೋಡಿ ಆಗಲೇ ನಾಲ್ಕು ಮೊಟ್ಟೆ ಇಟ್ಟಿತ್ತು. ಬೇರೆ ಎರಡು ಮೂರು ಹಕ್ಕಿ ಬಂದು ಹೋಗಿ ಮಾಡುತ್ತಿದ್ದವು.

ಮ್ಯಾಡಮ್ ವಿಚಾರ ಹೀಗಿತ್ತು. ಗೋವಿನಜೋಳದ ಸುಳಿ ತಿನ್ನುವ ಲಷ್ಕರಿ ಹುಳ, ಅಂದರೆ ಸೈನಿಕ ಹುಳು, ಬಲಿತ ಮೇಲೆ ಕೆಳಗೆ ಬಿದ್ದು ಮಣ್ಣಿಗೆ ಹೋಗುತ್ತದೆ, ಅಲ್ಲೇ ಕೋಶವಾಗಿ, ಪತಂಗವಾಗಿ ಏಳುತ್ತದೆ. ಟಿಟವಿ ಸಾಲಿನ ನಡುವೆ ನಡೆಯುತ್ತ ಆ ಹುಳ, ಕೋಶ ಹೆಕ್ಕಿ ತಿನ್ನುವುದಾದರೆ ಟಿಟವಿ ಇರುವ ಕಡೆ ಪತಂಗ ಕಮ್ಮಿ ಆಗಬೇಕು. ಆಗುತ್ತದೋ ಇಲ್ಲವೋ? ಪತಂಗದ ಲೆಕ್ಕ ಒಂದು ಕಡೆ, ಟಿಟವಿಯ ಲೆಕ್ಕ ಒಂದು ಕಡೆ ಇಟ್ಟು ದಿನಾಲು ಹೋಲಿಸಿ ನೋಡಬೇಕು. ಹೌದೆಂದಾದರೆ ಬದುವಿನ ಕಡೆ ವಿಷ ಹೊಡೆಯಬೇಡಿ ಅಂತ ರೈತರಿಗೆ ಹೇಳಬಹುದು. ಇಷ್ಟಕ್ಕೆ ದಿನಾ ಬೆಳಗ್ಗೆ ಹೊಲದಲ್ಲಿ ಇರುವ ಎರಡು ಕಣ್ಣು ಬೇಕಾಗಿತ್ತು.

ಆರು ಬಲೆ ಹಾಕಿದೆವು. ಮೂರು ಪಡುವಣ ಬದುವಿಗೆ, ಟಿಟವಿಯ ಹತ್ತಿರ. ಮೂರು ಮೂಡಣ ಕಡೆ, ಬಾವಿಯ ಹತ್ತಿರ. ಬಲೆ ಅಂದರೆ ಜಾಳಿಗೆಯಲ್ಲ. ಒಂದು ಗೂಟ, ಗೂಟಕ್ಕೆ ಪ್ಲಾಸ್ಟಿಕ್ ಲಾಳಿಕೆ, ಲಾಳಿಕೆಯ ಕೆಳಗೆ ಅಂಗಿಯ ತೋಳಿನ ಹಾಗೆ ಉದ್ದ ಚೀಲ, ಚೀಲದ ತುದಿಗೆ ರಬ್ಬರ್. ಲಾಳಿಕೆಯ ಮೇಲಿನ ಮುಚ್ಚಳದಲ್ಲಿ ಒಂದು ಗುಳಿಗೆ. ಅದಕ್ಕೆ ಹೆಣ್ಣು ಪತಂಗದ ವಾಸನೆ ಸವರಿರುತ್ತಾರೆ.

"ಅಂದ್ರ ಬರೇ ಗಂಡು ಬೀಳ್ತಾವೇನ್ರಿ?" ಅಂದೆ.

"ಬರೇ ಗಂಡು."

"ಹೆಣ್ಣು ಅಲ್ಲಿ ಇರೂದೇ ಇಲ್ಲ. ವಾಸನಿಗೇ ಬಂದು ಬೀಳ್ತಾವ?"

"ಹೌದ್ರಿ ಆಯಿ."

ನನ್ನ ನೆಗೆಣ್ಣಿ ಅಂಗಳದಿಂದಲೇ ಕೂಗಿದಳು: "ಇದನ್ನ ತಿಳಕೊಳ್ಳಾಕ ಕಾಲೇಜಿಗೆ ಹೋಗಬೇಕಾಗಿತ್ತೇನ? ನನ್ನ ಕೇಳಿದ್ರ ನಾನೇ ಹೇಳ್ತಿದ್ದೆ!"

ಮ್ಯಾಡಮ್ ಗೂಟ ಹಿಡಿದುಕೊಂಡೇ ನಕ್ಕರು.

ಬರೆಯುವ ಹಾಳೆಯದೊಂದು ತೊಡಕು ಬಂತು. ಅವರ ಮನೆಮಾತು ಕನ್ನಡವೇ, ಆದರೆ ಓದುವುದು ಬರೆಯುವುದು ಮರಾಠಿ, ಇಂಗ್ಲಿಷ್. ನಾನು ಮೂರನೆಯ ಇಯತ್ತೆ ತನಕ ಕನ್ನಡ ಸಾಲಿಗೆ ಹೋದವಳು. ಅವರು ಬರೆದದ್ದು ನನಗೆ ಬರುವುದಿಲ್ಲ, ನಾನು ಬರೆದದ್ದು ಅವರಿಗೆ ಬರುವುದಿಲ್ಲ. ಕಡೆಗೆ ಅವರು ಹಾಳೆಯ ಮೇಲೆ ಎಡಕ್ಕೆ ಪತಂಗದ ಚಿತ್ರ, ಬಲಕ್ಕೆ ಟಿಟವಿಯ ಚಿತ್ರ ಮಾಡಿಕೊಂಡು ಬಂದರು. ಒಂದು ಹಾಳೆಗೆ ಒಂದು ವಾರ, ದಿನಕ್ಕೊಂದು ಸಾಲು. ನಾನು ಗೀಟು ಎಳೆಯಬೇಕು. ನಾಲ್ಕು ನಿಂತ ಗೀಟು, ಐದನೆಯದು ಅಡ್ಡ. ದಿನಾ ದೀಪ ಹಚ್ಚುವ ಹೊತ್ತಿಗೆ ಅವರ ಫೋನು ಬರುತ್ತದೆ, ನಾನು ಗೀಟು ಎಣಿಸಿ ಹೇಳಬೇಕು. ಶನಿವಾರ ಬಂದು ಹಾಳೆ ಒಯ್ಯುತ್ತಾರೆ.

ಬೆಳಗ್ಗೆ ಮೊದಲು ಟಿಟವಿ, ಆಮೇಲೆ ಪತಂಗ. ತಿರುವುಮುರುವು ಮಾಡಿದರೆ ಬಲೆಯ ಹತ್ತಿರ ಹೋದ ಕೂಡಲೆ ಹಕ್ಕಿ ಎದ್ದುಬಿಡುತ್ತವೆ. ಹದಿನೈದು ಮಿನಿಟು ಅಲ್ಲಾಡದೆ ಕೂತು ನೋಡಬೇಕು ಅಂದಿದ್ದರು. ನನ್ನ ಹತ್ತಿರ ಗಡಿಯಾರ ಎಲ್ಲಿದೆ? ಅವರೆದುರೇ ಒಂದು ಎಲೆ ಅಡಿಕೆ ಹಾಕಿಕೊಂಡು ಜಗಿದು ಉಗುಳುವ ತನಕ ಹೊತ್ತು ನೋಡಿದೆವು, ಹದಿನಾಲ್ಕು ಮಿನಿಟು ಆಯಿತು. "ಇನ್ನೊಂದೀಟು ಸುಣ್ಣ ಹಚ್ಚಿಕೊಳ್ರಿ" ಅಂದರು. ಅಂದಿನಿಂದ ಎಲೆ ಅಡಿಕೆಯೇ ಗಡಿಯಾರ.

ಮೊದಲ ವಾರ ತಪ್ಪಿದೆ. ಚೀಲದಲ್ಲಿ ಬಿದ್ದದ್ದನ್ನೆಲ್ಲ ಎಣಿಸಿಬಿಟ್ಟಿದ್ದೆ. ಮ್ಯಾಡಮ್ ಅಂಗೈ ಮೇಲೆ ಹರಡಿ ತೋರಿಸಿದರು: ಮುಂದಿನ ರೆಕ್ಕೆಯ ತುದಿಗೆ ಬಿಳಿ ಮಚ್ಚೆ, ನಡುವೆ ಓರೆಯಾಗಿ ಕಂದು ಪಟ್ಟೆ, ಇದ್ದರೆ ಲಷ್ಕರಿ, ಇಲ್ಲದಿದ್ದರೆ ಬೇರೆ ಜಾತಿ. ಆ ವಾರದ ಹಾಳೆಯನ್ನು ಅವರು ತೆಗೆದು ಹಾಕಿದರು. "ತಪ್ಪಾದ್ರ ತಪ್ಪಾತು ಅನ್ರಿ ಆಯಿ, ನಡೀತೈತಿ. ಅಂದಾಜಿಗೆ ಮಾತ್ರ ಹೇಳಬ್ಯಾಡ್ರಿ" ಅಂದರು. ನಾನು ಬೀರೋಬನ ಅರಿಶಿಣದ, ಬಂಡಾರದ ಆಣೆ ಮಾಡಿದೆ.

ದಿನಕ್ಕೆ ಬಲೆಗೆ ಮೂರೋ ನಾಲ್ಕೋ ಬೀಳುತ್ತಿದ್ದವು. ಬಾವಿಯ ಕಡೆ ತುಸು ಹೆಚ್ಚು, ಬದುವಿನ ಕಡೆ ತುಸು ಕಮ್ಮಿ. ಮ್ಯಾಡಮ್ ದನಿಯಲ್ಲಿ ಆಸೆ ಹುಟ್ಟುತ್ತಿದ್ದುದು ನನಗೆ ಫೋನಿನಲ್ಲೇ ಗೊತ್ತಾಗುತ್ತಿತ್ತು. ನಾನೂ ಟಿಟವಿಯ ಪಾರ್ಟಿಯೇ. ಅವರು ಗೀಟಿನಲ್ಲಿ ಹೋಲಿಸುತ್ತಿದ್ದರು, ನಾನು ತಾಯಿತನದಲ್ಲಿ ಹೋಲಿಸುತ್ತಿದ್ದೆ. ಪತಂಗದ ತಾಯಿ ಎಲೆಗೆ ನೂರಾರು ಮೊಟ್ಟೆ ಅಂಟಿಸಿ, ತನ್ನ ಮೈಯ ಕೂದಲನ್ನೇ ಮೇಲೆ ಹೊದಿಸಿ, ಹೋಗಿಬಿಡುತ್ತದೆ. ತಿರುಗಿ ನೋಡುವುದಿಲ್ಲ. ಟಿಟವಿಗೆ ಇರುವುದು ನಾಲ್ಕು. ಹೊದಿಸಲಿಕ್ಕೆ ಒಂದು ಕಡ್ಡಿ ಇಲ್ಲ. ಬಿಸಿಲೇರಿದರೆ ಕೆರೆಗೆ ಹೋಗಿ ಹೊಟ್ಟೆಯ ಪುಕ್ಕ ತೋಯಿಸಿಕೊಂಡು ಓಡಿ ಬಂದು ಮೊಟ್ಟೆಯ ಮೇಲೆ ಕೂರುತ್ತದೆ. ಒಮ್ಮೆ ಎತ್ತು ಅತ್ತ ಬಂದಾಗ ಅದರ ಮೂಗಿನ ಮುಂದೆ ರೆಕ್ಕೆ ಹರಡಿ ನಿಂತಿತು. ಎತ್ತೇ ಸುತ್ತುಹಾಕಿಕೊಂಡು ಹೋಯಿತು.

ನೆಗೆಣ್ಣಿಗೆ ಇದೆಲ್ಲ ಸೇರುತ್ತಿರಲಿಲ್ಲ. "ಟಿಟವಿ ಕೂಗಿದ್ರ ಕೆಟ್ಟದ್ದು ಅಂತಾರ. ಮಗಳು ದಿನ ತುಂಬಿದಾಕಿ ಇದ್ದಾಳ, ನೀ ಹೋಗಿ ಅದರ ಮುಂದ ಕುಂದರ್ತಿ."

"ನಮ್ಮ ಹಟ್ಟಿ ಕಾದ ಹಕ್ಕಿ ನನ್ನ ಮಗಳಿಗೆ ಯಾಕ ಕೆಟ್ಟದ್ದು ಮಾಡತೈತಿ?"

"ನಿನಗ ಹೇಳಿದ್ರ ತಿಳಿಯೂದಿಲ್ಲ, ಟಿಟವಿಗೇ ಹೇಳ್ತೀನಿ ತಗಿ."

ಮಗಳು ಅಳಿಯನ ಜೊತೆ ಸೊಲ್ಲಾಪುರದ ಮಗ್ಗುಲ ಚಿಂಚೋಳಿ ಎಂಐಡಿಸಿ ಹತ್ತಿರ ಬಾಡಿಗೆ ಖೋಲಿಯಲ್ಲಿದ್ದಳು. ಅಳಿಯ ಅಲ್ಲಿ ಕಾರಖಾನೆಯಲ್ಲಿ ಕೆಲಸಕ್ಕಿದ್ದಾನೆ. ಮೊದಲ ಹೆರಿಗೆ ತವರಿನಲ್ಲಾಗಬೇಕು, ಆದರೆ ಡಾಕ್ಟರರು ಪ್ರಯಾಣ ಬೇಡ ಅಂದಿದ್ದರು. ಪುಷ್ಯ ಮಳೆ ಹಿಡಿದಿತ್ತು. ಒಂದು ದಿನ ಬೆಳಗ್ಗೆ ನಾನು ಎಣಿಸಿ ಬಂದು ಕೈ ತೊಳೆಯುತ್ತಿರುವಾಗ ಅಳಿಯನ ಫೋನು ಬಂತು: "ಅತ್ತಿ, ದವಾಖಾನಿಗೆ ತಂದೀವಿ. ಲಗೂನ ಬರ್ರಿ." ಅವನಿಗೆ ತಾಯಿ ಇಲ್ಲ, ನಾನು ಹೋಗದಿದ್ದರೆ ಅಲ್ಲಿ ಹೆಣ್ಣು ದಿಕ್ಕಿಲ್ಲ. ಸೀರೆ ಬದಲಿಸಿದೆನೋ ಇಲ್ಲವೋ ನೆನಪಿಲ್ಲ. ಎಲೆ ಅಡಿಕೆಯ ಸಂಚಿ ಹೆಗಲಿಗೆ ಹಾಕಿ ಬಸ್ ಹಿಡಿದೆ. ಅಕ್ಕಲಕೋಟೆಯಲ್ಲಿ ಬಸ್ ಬದಲಿಸುವಾಗ ಸಂಚಿಯಲ್ಲಿ ಕೈ ಹಾಕಿದರೆ ಎಲೆಯ ಜೊತೆ ಹಾಳೆಗಳು, ಪೆನ್ಸಿಲ್ಲು. ಮ್ಯಾಡಮ್‌ಗೆ ಹೇಳಬೇಕು ಅನ್ನಿಸಿತು. ಸೊಲ್ಲಾಪುರ ಮುಟ್ಟಿದ ಮೇಲೆ ಹೇಳಿದರಾಯಿತು ಅಂದುಕೊಂಡೆ.

ಸೊಲ್ಲಾಪುರ ಮುಟ್ಟಿದ ಮೇಲೆ ನನಗೆ ಯಾವುದೂ ನೆನಪಿರಲಿಲ್ಲ. ಹೊಟ್ಟೆ ಕೊಯ್ದು ತೆಗೆಯಬೇಕಾಯಿತು. ನರ್ಸಬಾಯಿ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ತಂದು ನನ್ನ ಕೈಗೆ ಕೊಟ್ಟಾಗ ಏನು ಹೇಳಲಿ. ಮುಷ್ಟಿ ಇಷ್ಟಿಷ್ಟೇ. ಉಗುರು ಅಕ್ಕಿನುಚ್ಚಿನ ಹಾಗೆ. ಒಂದು ಕಣ್ಣು ತೆರೆದು ನನ್ನನ್ನು ನೋಡಿ, ಇವಳೇನಾ ಅಜ್ಜಿ ಅನ್ನುವ ಹಾಗೆ ಮತ್ತೆ ಮುಚ್ಚಿತು. ನಮ್ಮ ಕಡೆ ಗಂಡಾದರೆ ಪೇಢೆ, ಹೆಣ್ಣಾದರೆ ಬರ್ಫಿ ಹಂಚುತ್ತಾರೆ. ನಾನು ಅಳಿಯನಿಗೆ, "ಪೇಢೆ ತಗೊಂಬಾ, ಯಾಂವ ಕೇಳ್ತಾನ ನೋಡೂಣು" ಅಂದೆ. ವಾರ್ಡಿನ ತುಂಬ ಹಂಚಿದೆ. ಕಾವಲುಗಾರನಿಗೆ ಎರಡು ಕೊಟ್ಟೆ.

ದೀಪದ ಹೊತ್ತಿಗೆ ಮ್ಯಾಡಮ್ ಫೋನು. ಅವತ್ತಿನದು ನಿಜವಾದ ಲೆಕ್ಕವೇ, ಬೆಳಗ್ಗೆ ತೆಗೆದದ್ದು. ಹೇಳಿದೆ. ಊರಲ್ಲಿ ಇಲ್ಲ ಅನ್ನುವುದನ್ನು ಮಾತ್ರ ಹೇಳಲಿಲ್ಲ. ಹೇಳಿದರೆ ಬೇರೆ ಯಾರನ್ನಾದರೂ ಕೂರಿಸುತ್ತಾರೆ, ನನ್ನ ಟಿಟವಿ ನನ್ನ ಕೈತಪ್ಪುತ್ತವೆ ಅನ್ನುವ ಸಣ್ಣ ಬುದ್ಧಿ. ನಾಳೆ ಒಂದು ದಿನ ಹೋಗಿ ಬಂದರಾಯಿತು ಅಂದುಕೊಂಡೆ. ಮರುದಿನ ಮಗಳಿಗೆ ಜ್ವರ, ಕೂಸಿಗೆ ಹಾಲು ಸಾಲದು. ಹೋಗುವುದೆಲ್ಲಿ? ಸಂಜೆ ಫೋನು ಬಂತು.

"ಆಯಿ, ಹೇಳ್ರಿ."

ನಾನು ಹಾಳೆ ತೆಗೆದು ಮೊಣಕಾಲ ಮೇಲಿಟ್ಟು, ಹಿಂದಿನ ದಿನದ ಗೀಟು ನೋಡಿ, ಹಾಗೇ ಹೊಸ ಗೀಟು ಎಳೆಯುತ್ತ ಹೇಳಿದೆ. ಪತಂಗ ಬದುವಿಗೆ ಒಂದು ಕಮ್ಮಿ ಮಾಡಿದೆ, ಟಿಟವಿ ಒಂದು ಹೆಚ್ಚು ಮಾಡಿದೆ. ಯಾಕೆ ಹಾಗೆ ಮಾಡಿದೆ ಅಂದರೆ, ನನಗೆ ಅಷ್ಟು ಸಂತೋಷವಾಗಿತ್ತು. ಎಲ್ಲರಿಗೂ ಪೇಢೆ ಹಂಚಿದ ಕೈ, ಮ್ಯಾಡಮ್‌ಗೂ ಒಂದು ಹಂಚಿತು. ಅದೇ ಹೊತ್ತಿಗೆ ಕೂಸು ಅತ್ತಿತು.

"ಅದೇನ್ರಿ ಆಯಿ, ಕೂಸಿನ ದನಿ ಕೇಳಾಕತ್ತೈತಲ್ಲ?"

"ಕುರಿಮರಿ ರೀ" ಅಂದೆ.

ಒಂಬತ್ತು ವರ್ಷ ಬೀರೋಬನಿಗೆ ಹರಕೆ ಹೊತ್ತು ಪಡೆದ ಕೂಸನ್ನು ಕುರಿಮರಿ ಅಂದೆ. ಹಾಸಿಗೆಯ ಮೇಲಿನಿಂದ ಮಗಳು ತಲೆಯೆತ್ತಿ ನೋಡಿದಳು. "ಯಾಕವ್ವಾ ಹಂಗಂದಿ?" ನಾನು ಕೇಳಿಸದವಳ ಹಾಗೆ ಮಗ್ಗುಲಾದೆ.

ಒಮ್ಮೆ ಮಾಡಿದ ಮೇಲೆ ಎರಡನೆಯದು ತಾನೇ ಬರುತ್ತದೆ. ಮುಂದಿನ ಮೂರು ದಿನ ಹಾಗೇ ಹೋಯಿತು. ಬದುವಿನ ಬಲೆಗೆ ಒಂದೊಂದು ಪತಂಗ, ಟಿಟವಿ ಏಳು, ಎಂಟು. ಮ್ಯಾಡಮ್ ಫೋನಿನಲ್ಲಿ ಹಿಗ್ಗಿ ಹೋದರು. "ಆಯಿ, ನಿಮ್ಮ ಟಿಟವಿ ಗೆಲ್ಲಾಕತ್ತಾವ್ರೀ! ಈ ಶನಿವಾರ ಬರಾಕ ಆಗೂದಿಲ್ಲ, ಫೋನಿನ ಲೆಕ್ಕಾನೇ ಸಾಕು. ಮುಂದಿನ ವಾರ ನಮ್ಮ ಸರ್ ಮುಂದ ಇದನ್ನ ಇಡಾಂವ ಅದೀನಿ" ಅಂತ ಗಂಡಸಿನ ಹಾಗೆ ಅಂದು ತಾವೇ ನಕ್ಕರು. ಅಷ್ಟು ಖುಷಿಯಲ್ಲಿದ್ದರು.

ಕೂಸು ಹುಟ್ಟಿದ ದಿನ ಬಿಟ್ಟು ಐದನೆಯ ದಿನ ದವಾಖಾನೆಯಿಂದ ಖೋಲಿಗೆ ಬಂದೆವು. ಐದನೆಯ ದಿನ ಸೆಟಗವ್ವನ ಪೂಜೆ. ಮರಾಠಿಯವರು ಸಟವಾಯಿ ಅನ್ನುತ್ತಾರೆ. ಆ ತಾಯಿ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆ, ಅದಕ್ಕೆ ಕೂಸಿನ ತಲೆದೆಸೆಗೆ ಗುಂಡಕಲ್ಲು, ಅರಿಶಿಣ ಕುಂಕುಮ, ದೀಪ, ಒಂದು ಖಾಲಿ ಹಾಳೆ, ಒಂದು ಲೇಖಣಿ ಇಡಬೇಕು. ಹಾಳೆ ಹೊಸದಿರಬೇಕು, ಅದರ ಮೇಲೆ ಯಾರೂ ಏನೂ ಬರೆದಿರಬಾರದು. ಬೆಳಗ್ಗೆ ನೋಡಿದರೆ ನಮ್ಮ ಕಣ್ಣಿಗೆ ಖಾಲಿಯೇ ಕಾಣುತ್ತದೆ. ಅದು ನಮಗೆ ಓದಲಿಕ್ಕೆ ಬರುವ ಅಕ್ಷರವಲ್ಲ.

ಮ್ಯಾಡಮ್ ಫೋನು ಮುಗಿಸಿ, ಆ ದಿನದ ಸುಳ್ಳು ಗೀಟು ಎಳೆದು, ಹಾಳೆ ಸಂಚಿಗೆ ತುರುಕಿ ಪೂಜೆಗೆ ಕೂತೆ. ಅಳಿಯ ಹಾಳೆ ಹುಡುಕಿದ, ಖೋಲಿಯಲ್ಲಿ ಇರಲಿಲ್ಲ. "ಇರು, ನನ್ನ ಸಂಚ್ಯಾಗ ಹೊಸಾದು ಅದಾವು" ಅಂದೆ. ಮುಂದಿನ ವಾರಕ್ಕೆ ಅಂತ ಕೊಟ್ಟ ಹಾಳೆಗಳಿದ್ದವು. ಕೈಗೆ ಸಿಕ್ಕಿದ್ದನ್ನು ಜಗ್ಗಿ, ಚಿತ್ರ ಕೆಳಗೆ ಮಾಡಿ, ಖಾಲಿ ಬೆನ್ನು ಮೇಲೆ ಮಾಡಿ ದೀಪದ ಮುಂದೆ ಇಟ್ಟು ಕೈಮುಗಿದೆ. ತಾಯೇ, ಒಳ್ಳೇದು ಬರಿ ಅಂದೆ.

ಬೆಳಗ್ಗೆ ಕೂಸಿಗೆ ಎಣ್ಣೆ ಹಚ್ಚುವ ಮೊದಲು ಹಾಳೆ ಎತ್ತಿಕೊಂಡೆ. ಮಡಚಿ ತೊಟ್ಟಿಲ ಕೆಳಗೆ ಇಡಬೇಕು ಅಂತ ತಿರುವಿದೆ. ಹೊಸ ಹಾಳೆಯಲ್ಲ. ಎಡಕ್ಕೆ ಪತಂಗ, ಬಲಕ್ಕೆ ಟಿಟವಿ, ನಡುವೆ ನನ್ನ ಗೀಟು. ಮೊದಲ ಎರಡು ಸಾಲು ದಪ್ಪ, ಹೊಲದಲ್ಲಿ ಕೂತು ಎಳೆದದ್ದು. ಕೆಳಗಿನವು ಸುಳ್ಳು.

ಸೆಟಗವ್ವ ನನ್ನ ಮೊಮ್ಮಗಳ ಹಣೆಬರಹ ಬರೆದದ್ದು ನನ್ನ ಸುಳ್ಳಿನ ಬೆನ್ನಿನ ಮೇಲೆ. ಮಗಳಿಗೆ ಹೇಳಲಿಲ್ಲ, ಹಸಿ ಬಾಣಂತಿ. ಪಕ್ಕದ ಖೋಲಿಯ ಹಿರಿಯ ಹೆಂಗಸಿಗೆ ಎರಡು ದಿನ ನೋಡಿಕೊಳ್ಳಿ ಅಂತ ಕೈಮುಗಿದು, ಹಾಳೆ ಎದೆಯ ಹತ್ತಿರ ಇಟ್ಟುಕೊಂಡು ಬಸ್ ಹತ್ತಿದೆ.

ಊರು ಮುಟ್ಟಿದಾಗ ಬಿಸಿಲು ಏರಿತ್ತು. ಮನೆಗೆ ಹೋಗದೆ ನೆಟ್ಟಗೆ ಹೊಲಕ್ಕೆ ಹೋದೆ. ದೂರದಿಂದಲೇ ಬದುವಿನ ಬಲೆಯ ಚೀಲ ಜೋತು ಬಿದ್ದದ್ದು ಕಂಡಿತು. ಹತ್ತಿರ ಹೋದೆ. ಒಂದು ಗೇಣು ಪತಂಗ. ಕೆಳಗೆ ಮಳೆನೀರಿಗೆ ಮುದ್ದೆಯಾದವು, ಮೇಲೆ ಇನ್ನೂ ರೆಕ್ಕೆ ಬಡಿಯುವವು. ಗೋವಿನಜೋಳದ ಸುಳಿ ಬಿಡಿಸಿ ನೋಡಿದೆ, ಎಲೆ ಜರಡಿಯಾಗಿತ್ತು. ತಲೆಯ ಮೇಲೆ ಯಾರೂ ಚೀರಲಿಲ್ಲ. ಅದು ನನಗೆ ತಡವಾಗಿ ಗೊತ್ತಾಯಿತು. ಕಲ್ಲುಭೂಮಿಗೆ ಹೋದರೆ ಗೂಡಿನ ಕಡೆ ಮೊಟ್ಟೆಯ ಚೂರು ಎರಡು. ಮರಿ ಒಡೆದು ಹೊರಬಂದಿದ್ದವು, ಮಳೆಗೆ ಕೆರೆ ತುಂಬಿತ್ತು, ತಾಯಿ ತಂದೆ ಮರಿಗಳನ್ನು ನಡೆಸಿಕೊಂಡು ಕೆರೆಯ ಆಚೆ ದಂಡೆಗೆ ಹೋಗಿದ್ದವು. ಅಲ್ಲಿಂದ ಚೀರುವುದು ಸಣ್ಣಗೆ ಕೇಳುತ್ತಿತ್ತು. ನನ್ನ ಹಾಳೆಯಲ್ಲಿ ಟಿಟವಿ ಎಂಟು. ಹೊಲದಲ್ಲಿ ಒಂದೂ ಇಲ್ಲ.

ಆರು ಚೀಲ ಬಿಚ್ಚಿ ತಂದು ಅಂಗಳದಲ್ಲಿ ಮರದ ಮೇಲೆ ಸುರಿದೆ, ಜೋಳ ಕೇರುವ ಮರದ ಮೇಲೆ. ಬಿಳಿ ಮಚ್ಚೆ ನೋಡಿ ನೋಡಿ ಎಣಿಸಿದೆ. ಬದುವಿನ ಮೂರು ಬಲೆಗೆ ನೂರಾ ತೊಂಬತ್ತೆರಡು. ಬಾವಿಯ ಮೂರಕ್ಕೆ ನೂರಾ ನಾಲ್ಕು. ಮಚ್ಚೆ ಅಳಿಸಿ ಹೋಗಿ ಜಾತಿ ತಿಳಿಯದವು ಒಂದು ಬೊಗಸೆ. ಆಮೇಲೆ ಒಂದು ಹುಚ್ಚು ಪ್ರಯತ್ನ ಮಾಡಿದೆ. ಮೊದಲು ಬಿದ್ದದ್ದು ಕೆಳಗೆ ತಾನೆ? ಹೆಚ್ಚು ಒಣಗಿದ್ದು ಮೊದಲ ದಿನದ್ದು, ಮೆತ್ತಗಿದ್ದು ಎರಡನೆಯದು, ಜೀವ ಇದ್ದದ್ದು ನಿನ್ನೆಯದು ಅಂತ ಐದು ಸಾಲು ಮಾಡಲು ಕೂತೆ. ಮಳೆಗೆ ತೋಯ್ದು ಎಲ್ಲ ಒಂದೇ ಆಗಿದ್ದವು. ಎರಡು ಸಾಲಿನ ಮೇಲೆ ಆಗಲಿಲ್ಲ.

ನೆಗೆಣ್ಣಿ ಬಂದು ನಿಂತಳು. "ಮೊಮ್ಮಗಳು ಹೆಂಗದಾಳ ಅಂತ ಹೇಳೂದು ಬಿಟ್ಟು ಹುಳ ಕೇರಾಕತ್ತೀಯಲ್ಲ?"

"ಬಂಗಾರ ಅದಾಳ" ಅಂದೆ. ಅಂದ ಕೂಡಲೆ ಅಳು ಬಂತು. ಎಲ್ಲ ಹೇಳಿದೆ, ಹಾಳೆಯದೊಂದು ಬಿಟ್ಟು.

ಅವಳು ಮರದೊಳಗೆ ಇಣುಕಿ, "ಹುಳ ಎಣಿಸಿದ್ದು ಯಾರಿಗೆ ಗೊತ್ತಾಕ್ಕೈತಿ? ಒಲಿಗೆ ಹಾಕು. ಆಕಿಗೆ ಬೇಕಾದ್ದನ್ನ ನೀ ಹೇಳಿ, ಆಕಿ ಖುಷಿ ಆಗ್ಯಾಳ. ಅದರಾಗ ಯಾರ ಮನಿ ಹಾಳಾತು?" ಅಂದಳು.

ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ ಅದು. ಒಲೆಯೂ ಉರಿಯುತ್ತಿತ್ತು. ನಾನು ಮರ ಎತ್ತಿಕೊಂಡು ಒಲೆಯ ತನಕ ಹೋದೆ ಕೂಡ. ಆಗ ಹೊಲದ ಮಾಲಕರು ಬದುವಿನ ಮೇಲೆ ಹೋಗುತ್ತಿದ್ದವರು ನಿಂತು ಕೂಗಿದರು: "ಕಾಕೂ, ನಿಮ್ಮ ಮ್ಯಾಡಮ್ ಫೋನ್ ಮಾಡಿದ್ರು. ಬದುವಿನ ಕಡೆ ಹುಳ ಕಮ್ಮಿ ಅದಾವ, ಈಗ ಎಣ್ಣಿ ಹೊಡಿಬ್ಯಾಡ್ರಿ ಅಂದ್ರು. ನೀವು ದಿನಾ ನೋಡೋರು, ನೀವೂ ಹಂಗ ಅಂತೀರೇನ?"

ಎಣ್ಣೆ ಅಂದರೆ ಹುಳಕ್ಕೆ ಹೊಡೆಯುವ ಔಷಧ. ಅವರು ನನ್ನ ಬಾಯಿಂದ ಹೌದು ಕೇಳಲು ನಿಂತಿದ್ದರು. ಅವರ ಹಿಂದೆ ಇಡೀ ಬೆಳೆ ನಿಂತಿತ್ತು.

"ಇಲ್ರಿ" ಅಂದೆ. "ನಾ ಐದು ದಿನ ಊರಾಗ ಇರಲಿಲ್ಲ. ಸುಳಿ ಬಿಡಿಸಿ ನೀವೇ ನೋಡ್ರಿ."

ಅವರು ಸಾಲಿಗೆ ಇಳಿದು ನಾಲ್ಕು ಸುಳಿ ಬಿಡಿಸಿದರು. ನನ್ನ ಕಡೆ ತಿರುಗದೆ ಬೇಗ ಬೇಗ ಮನೆಯ ಕಡೆ ನಡೆದರು. ಬೈದಿದ್ದರೆ ಹಗುರಾಗುತ್ತಿತ್ತು.

ಆ ಸಂಜೆ ಮ್ಯಾಡಮ್ ಫೋನು ಎತ್ತಲಿಲ್ಲ, ಎದುರಿಗೇ ಹೇಳಬೇಕು ಅಂತ ಮರುದಿನ ಸೊಲ್ಲಾಪುರಕ್ಕೆ ಹೊರಟೆ. ಪತಂಗ ಒಯ್ಯಲು ಡಬ್ಬಿ ಬೇಕಿತ್ತು. ಊರಲ್ಲಿ ಹಂಚಲು ತಂದ ಪೇಢೆಯ ಡಬ್ಬಿ ಇತ್ತು, ಪೇಢೆ ತೆಗೆದು ಅದರಲ್ಲೇ ಬದುವಿನದು ಬೇರೆ, ಬಾವಿಯದು ಬೇರೆ ಪೊಟ್ಟಣ ಕಟ್ಟಿ ಇಟ್ಟೆ. ಕಾಲೇಜಿನ ಬಾಗಿಲಲ್ಲಿ ಹೆಸರು ಹೇಳಿದರೆ ಮ್ಯಾಡಮ್ ಓಡಿ ಬಂದರು.

"ಆಯಿ! ನೀವು ಇಲ್ಲಿ? ಏನಿದು, ಪೇಢೆ? ಯಾರಿಗೆ ಏನಾತ್ರಿ?" ಅಂತ ನಗುತ್ತ ಡಬ್ಬಿ ತೆರೆದರು.

ಪತಂಗ ನೋಡಿದ ಮೇಲೂ ಅವರ ಮುಖದಲ್ಲಿ ನಗು ಸ್ವಲ್ಪ ಹೊತ್ತು ಹಾಗೇ ಇತ್ತು, ಇಳಿಯಲು ದಾರಿ ಸಿಗದ ಹಾಗೆ.

"ನನ್ನ ಮಗಳಿಗೆ ಹೆಣ್ಣು ಕೂಸು ಹುಟ್ಟೈತ್ರಿ" ಅಂದೆ. "ನೀವು ಫೋನಿನ್ಯಾಗ ಕೇಳಿದ್ದು ಕುರಿಮರಿ ಅಲ್ಲ. ನಾ ಐದು ದಿನ ಹೊಲದಾಗ ಇರಲಿಲ್ಲ. ಈ ಹಾಳಿ ಮ್ಯಾಲಿನ ಕೆಳಗಿನ ಐದು ಸಾಲು ಸುಳ್ಳು."

ಅವರು ಕಟ್ಟೆಯ ಮೇಲೆ ಕೂತರು. ಪೊಟ್ಟಣ ಬಿಚ್ಚಿದರು, ಎಷ್ಟು ಅಂತ ಕೇಳಿದರು. ಹೇಳಿದೆ. ಟಿಟವಿ ಎಲ್ಲಿ ಅಂದರು. ಮರಿ ಕಟ್ಟಿಕೊಂಡು ಕೆರೆ ಆಚೆ ಹೋಗಿವೆ ಅಂದೆ. ಆಗ ಅವರು ತಲೆಯೆತ್ತಿದರು.

"ಯಾವತ್ತು ಹೋದವು ಆಯಿ?"

"ಗೊತ್ತಿಲ್ರಿ."

"ಮೊದಲನೇ ದಿನಾನ? ನಾಕನೇ ದಿನಾನ? ಅವು ಹೋದ ಮ್ಯಾಲೆ ಪತಂಗ ಹೆಚ್ಚಾದವೋ, ಹೆಚ್ಚಾದ ಮ್ಯಾಲೆ ಅವು ಹೋದವೋ?"

ಅವರು ಕೋಪ ಮಾಡಿಕೊಳ್ಳಲಿಲ್ಲ. ತಮಗೆ ತಾವೇ ಅನ್ನುವ ಹಾಗೆ ಅಂದರು: "ಇಡೀ ಹಂಗಾಮಿನ್ಯಾಗ ನನಗ ಬೇಕಾದದ್ದು ಇದ ಐದು ದಿನ ಇತ್ತು."

ಆ ಮಾತು ನನಗೆ ಇವತ್ತಿಗೂ ಬಿಟ್ಟಿಲ್ಲ. ಐವತ್ತು ದಿನದಲ್ಲಿ ಬೇರೆ ಯಾವ ಐದು ದಿನ ನಾನು ಹೋಗಿದ್ದರೂ ಅಷ್ಟು ಹಾನಿ ಇರಲಿಲ್ಲ. ಹಕ್ಕಿ ತಮ್ಮ ಮರಿಗಾಗಿ ಹೋದವು, ನಾನು ನನ್ನ ಮರಿಗಾಗಿ ಹೋದೆ, ಅವು ಹೋದದ್ದನ್ನು ನೋಡಬೇಕಾದವಳು ನಾನು. ಹೋದದ್ದು ತಪ್ಪಲ್ಲ ಅಂತ ಮಗಳು ಈಗ ಹೇಳುತ್ತಾಳೆ. ಹೋದದ್ದು ತಪ್ಪಲ್ಲ, ನನಗೆ ಗೊತ್ತು. "ನಾ ಹೊಂಟೀನ್ರಿ" ಅಂತ ಒಂದು ಮಾತು ಹೇಳಿದ್ದರೆ ಮ್ಯಾಡಮ್ ತಾವೇ ಬಂದು ಆ ಕಲ್ಲುಭೂಮಿಯಲ್ಲಿ ಕೂರುತ್ತಿದ್ದರು. ಎಲೆ ಅಡಿಕೆ ಇಲ್ಲದೆಯೂ ಕೂರುತ್ತಿದ್ದರು.

ಮ್ಯಾಡಮ್ ಕೆಂಪು ಲೇಖಣಿ ತೆಗೆದರು.

"ಹರೀತೀರೇನ್ರಿ?" ಅಂದೆ.

"ಹರಿಯೂದಿಲ್ಲ ಆಯಿ. ಕೆಟ್ಟ ಲೆಕ್ಕಾನೂ ಇಟಗೋಬೇಕು. ಹೊಡೆದು ಹಾಕಿ ಇಡ್ತೀನಿ."

ಹಾಳೆ ಕಟ್ಟೆಯ ಮೇಲಿಟ್ಟು ಸುಳ್ಳು ಸಾಲಿನ ಮೇಲೆ ಲೇಖಣಿ ಊರಿದರು. ನನಗೆ ತಡೆಯಲಾಗಲಿಲ್ಲ, ಅವರ ಕೈ ಹಿಡಿದುಬಿಟ್ಟೆ.

"ಗಟ್ಟಿ ಒತ್ತಬ್ಯಾಡ್ರಿ. ಬೆನ್ನಿಗೆ ಮೂಡತೈತಿ."

"ಬೆನ್ನಿಗೆ ಏನೈತಿ?" ಅಂತ ತಿರುವಿ ನೋಡಿದರು. "ಖಾಲಿ ಐತಲ್ಲ."

ಸೆಟಗವ್ವನ ವಿಷಯ ಹೇಳಿದೆ. ಓದಿದವರು ನಗುತ್ತಾರೆ ಅಂದುಕೊಂಡಿದ್ದೆ. ಅವರು ಹಾಳೆಯನ್ನು ಮತ್ತೆ ತಿರುವಿ, ಲೇಖಣಿಯನ್ನು ಮೇಲೆ ಮೇಲೆ ಹಿಡಿದು, ಐದು ಗೀಟು ಮೆಲ್ಲಗೆ ಎಳೆದರು. ಆಮೇಲೆ ಕೇಳಿದರು: "ಕೂಸು ಹೆಂಗೈತ್ರಿ?"

ಆಗ ನೋಡಿ, ನನಗೆ ನಾಚಿಕೆ ಅನ್ನುವುದೇ ಇಲ್ಲ, ಅವರ ಪಕ್ಕದಲ್ಲಿ ಕೂತು ಉಗುರಿನಿಂದ ಹಿಡಿದು ಹುಬ್ಬಿನ ತನಕ ಎಲ್ಲ ಹೇಳಿದೆ. ಡಬ್ಬಿಯಲ್ಲಿ ಪತಂಗ ಹಾಗೇ ಇದ್ದವು.

ಅವರು ತಮ್ಮ ಸರ್ ಮುಂದೆ ಆ ವರ್ಷ ಏನೂ ಇಡಲಿಲ್ಲ. ಮಾಲಕರು ಇಡೀ ಹೊಲಕ್ಕೆ ಎಣ್ಣೆ ಹೊಡೆದರು. ಬೆಳೆ ಅರ್ಧ ಉಳಿಯಿತು. ಮುಂದಿನ ಆರಿದ್ರಾಕ್ಕೆ ಮ್ಯಾಡಮ್ ಮತ್ತೆ ಗೂಟ ಹೊತ್ತುಕೊಂಡು ಬಂದಾಗ ನನ್ನನ್ನು ಕೇಳುವುದಿಲ್ಲ ಅಂದುಕೊಂಡು ನಾನು ಒಳಗೇ ಇದ್ದೆ. ಅಂಗಳದಲ್ಲಿ ನಿಂತು ಕೂಗಿದರು: "ಆಯಿ, ಎಲಿ ಅಡಿಕಿ ಐತೇನ್ರಿ?"

ಆ ವರ್ಷ ಮಗಳು ಕೂಸನ್ನು ಕರೆದುಕೊಂಡು ನಮ್ಮಲ್ಲೇ ಇದ್ದಳು. ನಾನು ಕೂಸನ್ನು ಸೊಂಟಕ್ಕೆ ಕಟ್ಟಿಕೊಂಡು ಒಂದು ದಿನ ತಪ್ಪದೆ ಎಣಿಸಲು ಹೋದೆ. ಕೂಸು ಚೀರಿದರೆ ಟಿಟವಿ ಚೀರುತ್ತಿತ್ತು, ಟಿಟವಿ ಚೀರಿದರೆ ಕೂಸು ನಗುತ್ತಿತ್ತು. ಕೂಸಿನ ಗದ್ದಲಕ್ಕೆ ಎಣಿಸುವ ಮೊದಲೇ ಹಕ್ಕಿ ಹಾರಿದ ದಿನ ಹಾಳೆಯಲ್ಲಿ ಗೀಟು ಎಳೆಯದೆ ಬಿಟ್ಟು, "ಇವತ್ತಿನದು ಕೂಸು ಕೆಡಿಸ್ಯಾಳ್ರಿ" ಅಂತ ಫೋನಿನಲ್ಲಿ ಹೇಳಿದೆ. ಆ ವರ್ಷ ಟಿಟವಿ ಇದ್ದ ಕಡೆ, ಇಲ್ಲದ ಕಡೆ ಪತಂಗ ಹೆಚ್ಚು ಕಮ್ಮಿ ಸಮನೇ ಬಂತು. ಮರಿಗಳೂ ಸುಗ್ಗಿಯ ತನಕ ಅಲ್ಲೇ ಇದ್ದವು, ಕೆರೆ ಆಚೆ ಹೋಗಲಿಲ್ಲ. ಹೌದು ಅನ್ನಲಿಕ್ಕೂ ಇಲ್ಲ ಅನ್ನಲಿಕ್ಕೂ ಇದು ಸಾಲದು ಅಂತ ಮ್ಯಾಡಮ್ ಬರೆದರಂತೆ.

ಅವರ ಪುಸ್ತಕ ಮುಗಿದ ಮೇಲೆ ಒಂದು ಪ್ರತಿ ತೋರಿಸಲು ತಂದಿದ್ದರು. ಒಂದು ಪುಟದಲ್ಲಿ ಮೊದಲ ವರ್ಷದ, ಎರಡನೆಯ ವಾರದಿಂದ ಮುಂದಿನ ದಿನಗಳ ಉದ್ದ ಪಟ್ಟಿ, ಎಲ್ಲ ಮನೆಯೂ ತುಂಬಿದೆ, ಐದು ಖಾಲಿ. ಕೆಳಗೆ ಒಂದು ಸಾಲು. ಮಗಳು ಓದಿ ಹೇಳಿದಳು: ಈ ಐದು ದಿನ ಎಣಿಕೆ ಆಗಲಿಲ್ಲ. ಹೆಸರು ಇಲ್ಲ, ಕಾರಣ ಇಲ್ಲ. ಮಗಳು ತಾರೀಖಿನ ಮೇಲೆ ಬೆರಳಿಟ್ಟು ನನ್ನ ಕಡೆ ನೋಡಿದಳು. ಮೊದಲ ಖಾಲಿ ಮನೆ ಕೂಸು ಹುಟ್ಟಿದ ಮರುದಿನದ್ದು.

ಹೋಗುವಾಗ ಮ್ಯಾಡಮ್ ಆ ಹಾಳೆಯನ್ನು ನನಗೆ ತಿರುಗಿ ಕೊಟ್ಟರು. "ಇದರ ನಕಲು ನನ್ನ ಹತ್ರ ಐತಿ. ಇದು ನಿಮ್ಮ ಮೊಮ್ಮಗಳದು" ಅಂದರು. ಅದನ್ನು ಕೂಸಿನ ಕುಲಾವಿಯ ಜೊತೆ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಆಗಾಗ ತೆಗೆದು ನೋಡುತ್ತೇನೆ. ಬೆನ್ನು ಖಾಲಿಯೇ ಇದೆ. ಬಾಗಿಲ ಬೆಳಕಿಗೆ ಹಿಡಿದರೆ ಮಾತ್ರ ಐದು ಕೆಂಪು ಗೀಟು ಸಣ್ಣಗೆ ಕಾಣುತ್ತವೆ. ಅವರು ಎಷ್ಟು ಮೆಲ್ಲಗೆ ಎಳೆದರೂ ಕಾಣುತ್ತವೆ. ಅವನ್ನು ಸೆಟಗವ್ವ ಬರೆಯಲಿಲ್ಲ, ನಾನು ಬರೆಸಿದೆ. ಮೊಮ್ಮಗಳು ದೊಡ್ಡವಳಾಗಿ ಇದೇನಜ್ಜಿ ಅಂತ ಕೇಳಿದ ದಿನ ಹಾಗೇ ಹೇಳುತ್ತೇನೆ.